ಕಾಕು ಇಳಿಸದ ಕೈ

ಎದುರು ಮನೆಯ ಕಾಕು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರೆ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಗೇಟು ಬಿಟ್ಟು ಓಡಿ ಬರುತ್ತಿದ್ದ. ಸೆರಗನ್ನು ಸೊಂಟಕ್ಕೆ ಬಿಗಿದು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದರೂ ಒರೆಸಿಕೊಳ್ಳದೆ ಮೈದಾನದ ತುಂಬ ಓಡುವ ಅರವತ್ತು ದಾಟಿದ ಹೆಂಗಸನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಎಲ್ಲರೂ ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಅವರು ಹುಬ್ಬಳ್ಳಿಯವರು. ಮದುವೆಯಾಗಿ ಪುಣೆಗೆ ಬಂದು, ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಕಾರ್ಖಾನೆಯ ಫುಟ್‌ಬಾಲ್ ಪಂದ್ಯಕ್ಕೆ ಒಮ್ಮೆ ರೆಫ್ರಿ ಸಿಗದಿದ್ದಾಗ ತಾವೇ ನಿಂತು ಹತ್ತಿಸಿಕೊಂಡ ಹುಚ್ಚು ಕೊನೆಯ ತನಕ ಬಿಡಲಿಲ್ಲ. ಬಾಲ್ಕನಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತ ನನಗೆ ನಿಯಮ ಹೇಳಿಕೊಡುತ್ತಿದ್ದರು. ಮೈಸೂರಿನವಳಾದ ನನಗೆ ಅವರ ಮಾತಿಗೆ ಒಗ್ಗಿಕೊಳ್ಳಲು ಹೊತ್ತು ಹಿಡಿಯಿತು. ಗೋಲ್‌ಕೀಪರ್‌ನ ನಿಯಮ ಮಾತ್ರ ಒಂದೇ ಸಲಕ್ಕೆ ತಲೆಗೆ ಹೋಯಿತು.

"ತನ್ನ ಮಂದಿ ಬೇಕಂತ ಕಾಲಿಂದ ಒದ್ದು ಕೊಟ್ಟ ಚೆಂಡು ಕೀಪರ್ ಕೈಯಾಗ ಹಿಡೀಬಾರದವಾ. ತಲಿಲೆ ಕೊಟ್ರ ಹಿಡೀಲಿ. ಈ ನಿಯಮ ಇಲ್ಲಾಂದ್ರ ಹಿಂದಕ್ಕ ಕೊಟ್ಕೋತ ಹೊತ್ತು ಕಳೀತಾರ. ಎದುರಿನವರು ಯಾಕ ಓಡಬೇಕು?"

ಇಷ್ಟು ಸರಳವಾದದ್ದು ನಮ್ಮ ಸೊಸೈಟಿಯ ಚೇರ್ಮನ್ನರಿಗೆ ತಿಳಿಯಲಿಲ್ಲ. ಅಥವಾ ತಿಳಿದೂ ಬೇಡವಾಗಿತ್ತು. ಎ ವಿಂಗ್ ಮತ್ತು ಬಿ ವಿಂಗ್ ನಡುವಿನ ಫೈನಲ್, ರೆಫ್ರಿ ಕಾಕು. ಒಂದು ಗೋಲಿನಿಂದ ಮುಂದಿದ್ದ ಎ ವಿಂಗ್‌ಗೆ ಚೇರ್ಮನ್ನರ ಅಳಿಯನೇ ಗೋಲ್‌ಕೀಪರ್. ಆಟ ಮುಗಿಯುವ ಹೊತ್ತಿಗೆ ಅವನದೇ ತಂಡದವನು ಆರಾಮಾಗಿ ಕಾಲಿನಿಂದ ಚೆಂಡು ಹಿಂದಕ್ಕೆ ತಳ್ಳಿದ, ಅಳಿಯ ಬಗ್ಗಿ ಎತ್ತಿಕೊಂಡ. ಕಾಕು ಶಿಳ್ಳೆ ಹಾಕಿ ಒಂದು ಕೈ ನೆಟ್ಟಗೆ ಮೇಲೆತ್ತಿದರು. ಎದುರು ತಂಡಕ್ಕೆ ಫ್ರೀಕಿಕ್, ಆದರೆ ಒದ್ದದ್ದು ನೇರ ಗೋಲಾಗುವಂತಿಲ್ಲ, ನಡುವೆ ಇನ್ನೊಬ್ಬರಿಗೆ ತಾಗಲೇಬೇಕು ಎನ್ನುವ ಸನ್ನೆ ಅದು. ತಾಗುವ ತನಕ ರೆಫ್ರಿ ಕೈ ಇಳಿಸುವಂತಿಲ್ಲ.

ಚೇರ್ಮನ್ನರು ಚಪ್ಪಲಿ ಹಾಕಿಕೊಂಡೇ ಮೈದಾನಕ್ಕೆ ನುಗ್ಗಿದರು. ನಮ್ಮಲ್ಲಿ ನೀರಿನ ಟ್ಯಾಂಕರ್ ಇರಲಿ, ಗೋಡೆಯ ಬಣ್ಣ ಇರಲಿ, ಎಲ್ಲ ತೀರ್ಮಾನವೂ ಕೈ ಎತ್ತಿಸಿಯೇ ಆಗುವುದು. ಫ್ರೀಕಿಕ್ ರದ್ದು ಮಾಡಬೇಕೆನ್ನುವವರು ಕೈ ಎತ್ತಿ ಎಂದು ಸೆಕ್ರೆಟರಿ ಮರಾಠಿಯಲ್ಲಿ ಕೂಗಿಯೇಬಿಟ್ಟರು. ಜನ್ಮದಲ್ಲಿ ಚೆಂಡು ಮುಟ್ಟದವರೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಕೈ ಎತ್ತಿದರು. ಕಾಕು ಮೊದಲು ಮರಾಠಿಯಲ್ಲಿ ಸಮಾಧಾನವಾಗಿ ತಿಳಿಹೇಳಿದರು. ಸಿಟ್ಟು ಬಂದ ಮೇಲೆ ಕನ್ನಡವೇ ಬಂತು. "ನೀವು ಕೈ ಎತ್ತಿದ್ರ ಕಾಲಿಂದ ಬಂದ ಚೆಂಡು ತಲಿಂದ ಬಂದಂಗ ಆಗೂದಿಲ್ರೀ."

ಅವರ ಕೈ ಆಗಲೂ ಮೇಲೆಯೇ ಇತ್ತು. ಸೆಕ್ರೆಟರಿ ಅದನ್ನೂ ಸೇರಿಸಿ ಎಣಿಸಿದರು!

ಫ್ರೀಕಿಕ್ ರದ್ದಾಯಿತು, ಅಳಿಯ ಕಪ್ ಎತ್ತಿದ. ಕಾಕುವನ್ನು ಮತ್ತೆ ರೆಫ್ರಿಯಾಗಿ ಕರೆಯಲಿಲ್ಲ. ಅವರು ತೀರಾ ಕಟ್ಟುನಿಟ್ಟು, ಇದು ನಮ್ಮನಮ್ಮೊಳಗಿನ ಆಟ ಎಂದು ಸೆಕ್ರೆಟರಿ ವಾಟ್ಸಾಪ್ ಗುಂಪಿನಲ್ಲಿ ಬರೆದರು. ನಮ್ಮನಮ್ಮೊಳಗೆ ಎಂದರೆ ನಿಯಮವೇ ಬೇಡವೇ? ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಂದ್ಯದ ದಿನ ಕಾಕು ಬಾಲ್ಕನಿಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ಮಾತ್ರ ಬಾಯಿಬಿಟ್ಟರು. "ಕರೀಲಿಲ್ಲಾಂದ್ರ ಬಿಡವಾ. ನನ್ನ ಕೈ ಅವರ ಲೆಕ್ಕಕ್ಕ ಹಿಡಕೊಂಡ್ರಲ್ಲ, ಅದು ಮರೀಲಿಕ್ಕ ಆಗವಲ್ದು."

ಕಾಕು ಹೋದ ವರ್ಷ ತೀರಿಕೊಂಡರು. ಈ ವರ್ಷ ಪಂದ್ಯಕ್ಕೆ ಅವರದೇ ಹೆಸರು. ವೇದಿಕೆಯ ಮೇಲೆ ಚೆಂಡುಹೂವಿನ ಹಾರ ಹಾಕಿದ ಫೋಟೊ. ಅದೇ ಚೇರ್ಮನ್ನರು ಅವರ ನಿಯಮನಿಷ್ಠೆಯನ್ನು ಉದ್ದಕ್ಕೆ ಹೊಗಳಿ, ಕಣ್ಣೂ ಒರೆಸಿಕೊಂಡರು. ಮೊದಲನೆಯ ಆಟದಲ್ಲೇ ಕೀಪರ್ ತನ್ನವನು ಕಾಲಿನಿಂದ ಕೊಟ್ಟ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೊಸ ರೆಫ್ರಿ ಬೇರೆ ಕಡೆ ನೋಡಿದ.

ನಾನು ಎರಡು ಬೆರಳು ಬಾಯಿಗಿಟ್ಟೆ. ಕಾಕುವಿನ ಬಾಲ್ಕನಿಯಲ್ಲಿ, ಮೆಣಸಿನಕಾಯಿ ಮುಟ್ಟಿದ ಬೆರಳನ್ನೇ ಕಚ್ಚಿಕೊಂಡು ಕಣ್ಣೀರು ಸುರಿಸುತ್ತ ಕಲಿತ ಶಿಳ್ಳೆ. ಆಟ ನಿಂತಿತು. ಗೋಲಿನ ಮುಂದೆ ಹೋಗಿ ಒಂದು ಕೈ ನೆಟ್ಟಗೆ ಎತ್ತಿದೆ. ಏನು ಸಮಾಚಾರ ಎಂದು ಸೆಕ್ರೆಟರಿ ಮೈಕಿನಲ್ಲಿ ಕೇಳಿದರು. ಬೇಕಿದ್ದರೆ ಇದನ್ನೂ ಎಣಿಸಿಕೊಳ್ಳಲಿ. ಯಾರಾದರೂ ಚೆಂಡನ್ನು ಅಲ್ಲಿಟ್ಟು ಒದ್ದು, ಅದು ಇನ್ನೊಬ್ಬರಿಗೆ ತಾಗುವ ತನಕ ನಾನು ಕೈ ಇಳಿಸುವವಳಲ್ಲ.