ಬಿಸಿನೀರಕ್ಕನೂ ಬದುಕಿರುವ ಔಷಧಿಯೂ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರ ಬಾಯಲ್ಲೂ ಅವಳು ಬಿಸಿನೀರಕ್ಕ. ಆಪರೇಷನ್ ಕೋಣೆಯ ಪಕ್ಕದ ಕಿರುಕೋಣೆಯಲ್ಲಿ ಕತ್ತರಿ, ಚಿಮಟಗಳನ್ನು ಉಜ್ಜಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ಆವಿಯ ಪೆಟ್ಟಿಗೆಗೆ ಹಾಕಿ, ಒಂದು ರೋಗಾಣುವೂ ಉಳಿಯದಂತೆ ಬೇಯಿಸಿ ತೆಗೆಯುವುದು ಅವಳ ಕೆಲಸ. ಆ ಕೆಲಸಕ್ಕೆ ಸೇರಿದ್ದು ಸಂಬಳದ ಆಸೆಗಷ್ಟೇ ಅಲ್ಲ. ಹೆತ್ತ ತಾಯಿ ಕೊಳಕು ಸೂಜಿಯೊಂದು ಚುಚ್ಚಿ, ಗಾಯ ಕೀವಾಗಿ, ನಂಜೇರಿ ಕಣ್ಣೆದುರಿಗೇ ಹೋಗಿದ್ದಳು. ಅಂದಿನಿಂದ ಕಣ್ಣಿಗೆ ಕಾಣದ ಹುಳುಗಳೆಂದರೆ ಅವಳಿಗೆ ಬದ್ಧ ಹಗೆ. ಮನೆಯಲ್ಲೂ ಅಷ್ಟೇ. ನೀರು, ಹಾಲು, ಒರೆಸುವ ಬಟ್ಟೆ, ಕಡೆಗೆ ಗಂಡನ ಕ್ಷೌರದ ಬ್ರಷ್ಷಿಗೂ ಕುದಿಯುವ ಯೋಗ.

"ಪುಣ್ಯಕ್ಕೆ ನನ್ನೊಬ್ಬನ್ನ ಪಾತ್ರೆಗೆ ಹಾಕಿಲ್ಲ" ಎಂದು ಗಂಡ ನಗುತ್ತಿದ್ದ.

ಗಂಡ ಕ್ಷೌರಿಕ, ಸ್ವಂತ ಅಣ್ಣನ ಅಂಗಡಿಯಲ್ಲೇ ಕೆಲಸ. ಅವನ ಕೈ ಎಂಥದೆಂದರೆ, ಕೆನ್ನೆಯ ಮೇಲೆ ಕತ್ತಿ ಆಡುತ್ತಿರುವಾಗಲೇ ಗಿರಾಕಿಗಳು ಗೊರಕೆ ಹೊಡೆಯುತ್ತಿದ್ದರು. ಆದರೆ ಬೀದಿಯ ಮರಗಳು ಹೂ ಬಿಟ್ಟು ಹಳದಿ ಧೂಳು ಹಾರಿತೆಂದರೆ ಮುಗಿಯಿತು. ಕಣ್ಣು ಕೆಂಡ, ಮೂಗು ಕಟ್ಟೆಯೊಡೆದ ಕೆರೆ, ಒಂದು ಸೀನಿನ ಬಾಲ ಹಿಡಿದು ಇನ್ನೊಂದು. ಮಾತ್ರೆ ನುಂಗಿದರೆ ತೂಕಡಿಕೆ. ತೂಕಡಿಸುವವನ ಕತ್ತಿಗೆ ಕತ್ತು ಕೊಡುವ ಧೀರರು ಎಲ್ಲಿದ್ದಾರೆ? ಈ ಸಲವಂತೂ ಸೀನಿನ ಭರಕ್ಕೆ ಕತ್ತಿ ಜಾರಿ ಗಿರಾಕಿಯೊಬ್ಬರ ಕಿವಿಯ ಬುಡದಲ್ಲಿ ರಕ್ತ ಜಿನುಗಿತು.

"ಲೋ ತಮ್ಮಾ, ಯಾರದಾದ್ರೂ ಕಿವಿ ಬುಟ್ಟಿಗೆ ಬೀಳೋಕೆ ಮೊದ್ಲು ಕತ್ತಿ ಕೆಳಗಿಡು" ಎಂದ ಅಣ್ಣ. "ಈ ತಿಂಗಳು ನೋಡ್ತೀನಿ. ವಾಸಿಯಾಗ್ಲಿಲ್ವಾ, ಕತ್ತಿ ಕೆಲಸಕ್ಕೆ ಬೇರೆಯವನ್ನ ಇಟ್ಕೋತೀನಿ. ನೀನು ಕೂದ್ಲು ಗುಡಿಸ್ಕೊಂಡಿರು."

ಮನೆಗೆ ಬಂದು ಹೆಂಡತಿಯ ಮುಂದೆ ಕೂತವನಿಗೆ ಅನ್ನ ಇಳಿಯಲಿಲ್ಲ. "ಗುಡಿಸೋದು ಕೀಳು ಅಂತಲ್ಲ ಕಣೇ. ಆದ್ರೆ ನನ್ನ ಕೈಗೆ ಒಲಿದಿರೋದು ಕತ್ತಿ ಒಂದೇ."

ಮರುದಿನವೇ ಅವಳು ತನ್ನ ಆಸ್ಪತ್ರೆಯ ಮೂಗಿನ ಡಾಕ್ಟರಮ್ಮನ ಮುಂದೆ ನಿಂತಳು. ಡಾಕ್ಟರಮ್ಮ ಮೂಗಿಗೆ ಹೊಡೆದುಕೊಳ್ಳುವ ಔಷಧಿ ಬರೆದರು, ಜೊತೆಗೆ ಪುಡಿಯ ಪೊಟ್ಟಣಗಳನ್ನೂ ಕೊಟ್ಟರು.

"ಇದು ಪ್ರೊಬಯಾಟಿಕ್ಕು. ಬದುಕಿರೋ ಒಳ್ಳೇ ಸೂಕ್ಷ್ಮಜೀವಿಗಳು. ಹೊಟ್ಟೆಯಲ್ಲಿ ಇವು ನೆಲೆಯಾದ್ರೆ ಮೈ ಸಣ್ಣ ಧೂಳಿಗೆಲ್ಲ ಅಷ್ಟು ರೇಗಲ್ಲ ಅಂತಾರೆ. ಎಲ್ಲರಿಗೂ ಹಿಡಿಸುತ್ತೆ ಅಂತ ನಾನು ಮಾತು ಕೊಡಲಾರೆ, ಕೆಲವರಿಗೆ ಸ್ವಲ್ಪ ತಗ್ಗುತ್ತೆ. ಮೂಗಿನ ಔಷಧಿ ಮಾತ್ರ ಬಿಡಬೇಡಿ."

'ಬದುಕಿರೋ' ಎಂಬ ಮಾತು ಕಿವಿಗೆ ಬಿದ್ದದ್ದೇ ಬಿಸಿನೀರಕ್ಕ ಪೊಟ್ಟಣಗಳನ್ನು ಮೈಯಿಂದ ದೂರ ಹಿಡಿದಳು. ಹಗಲೆಲ್ಲ ತಾನು ಕೊಲ್ಲುವ ಜಾತಿಯನ್ನೇ ತಾಳಿ ಕಟ್ಟಿದವನ ಹೊಟ್ಟೆಗೆ ಕೈಯಾರೆ ಸುರಿಯುವುದೇ? ಬೇಡವೆನ್ನೋಣವೆಂದರೆ ಓದಿದ ಡಾಕ್ಟರಮ್ಮ, ಕೊಡೋಣವೆಂದರೆ ಮನಸ್ಸು ಒಪ್ಪದು. ಅವಳು ತನಗೆ ತಿಳಿದ ದಾರಿಯನ್ನೇ ಹಿಡಿದಳು. ದಿನಾ ಬೆಳಿಗ್ಗೆ ಪುಡಿಯನ್ನು ಹಾಲಿಗೆ ಬೆರೆಸಿ, ಮೂರು ಉಕ್ಕು ಬರುವವರೆಗೆ ಕುದಿಸಿ, ಆರಿಸಿ ಕೊಟ್ಟಳು. ಔಷಧಿಯ ಗುಣ ಉಳಿಯಲಿ, ಹುಳುವಿನ ಕಾಟ ತೊಲಗಲಿ ಎಂಬುದು ಅವಳ ಲೆಕ್ಕ.

ಗಂಡ ಭಕ್ತಿಯಿಂದ ಕುಡಿದ. ಮೂಗಿನ ಔಷಧಿಯಿಂದ ಕಣ್ಣಿನ ಉರಿ ಚೂರು ಇಳಿಯಿತೇ ಹೊರತು ಸೀನು ಹಟ ಬಿಡಲಿಲ್ಲ. ತಿಂಗಳು ತುಂಬುತ್ತ ಬಂತು.

ಆಸ್ಪತ್ರೆಯ ಮೆಟ್ಟಿಲಲ್ಲಿ ಎದುರಾದ ಡಾಕ್ಟರಮ್ಮ ಕೇಳಿದರು, "ಯಜಮಾನ್ರು ಹೇಗಿದ್ದಾರೆ, ಬಿಸಿನೀರಕ್ಕ?"

"ಪುಡಿಯಿಂದ ಏನೂ ಗುಣ ಕಾಣ್ಲಿಲ್ಲ ಡಾಕ್ಟ್ರೇ. ನಾನೇನೋ ದಿನಾ ಚೆನ್ನಾಗಿ ಕುದಿಸೇ ಕೊಡ್ತಿದ್ದೀನಿ."

"ಏನು ಮಾಡಿ ಕೊಡ್ತಿದ್ದೀರಿ?"

ಅವಳು ಮತ್ತೆ ಹೇಳಿದಳು. ಡಾಕ್ಟರಮ್ಮ ಗೋಡೆಗೆ ಒರಗಿಬಿಟ್ಟರು. "ಅಯ್ಯೋ ತಾಯಿ! ಕಾವಲಿಗೆ ಅಂತ ದಂಡು ಕಳಿಸಿದ್ರೆ ಹೆಣಗಳ ಮೂಟೆ ಕಳಿಸಿದ್ದೀರಲ್ಲ! ಅವು ಬದುಕಿದ್ರೆ ತಾನೇ ಕೆಲಸ? ತಣ್ಣಗಿರೋ ನೀರಲ್ಲೋ ಮೊಸರಲ್ಲೋ ಕಲಸಿ ಕೊಡಿ."

ಅಂದು ಸಂಜೆಯವರೆಗೆ ಆ ಮಾತು ಅವಳ ಗಂಟಲಲ್ಲಿ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮುಚ್ಚಿಟ್ಟರೆ ಗಂಡನ ಕತ್ತಿ ಹೋಗುತ್ತದೆ. ಕೊನೆಗೆ ಅಂಗಡಿಗೇ ನಡೆದು, ಅಣ್ಣ ತಮ್ಮ ಇಬ್ಬರೂ ಇರುವಾಗಲೇ ಉಸುರಿದಳು.

ಗಂಡನ ಮುಖ ಕಪ್ಪಿಟ್ಟಿತು. "ನಿನಗೆ ನನ್ನ ಮೇಲೆ ನಂಬಿಕೆ ಇಲ್ವೇನೇ? ಒಂದು ಮಾತು ಹೇಳೋದಲ್ವಾ?"

"ನಿಮ್ಮ ಮೇಲಿದೆ ರೀ. ಆ ಹುಳುಗಳ ಮೇಲಿರ್ಲಿಲ್ಲ" ಎಂದಳು. "ನಮ್ಮವ್ವನ್ನ ಕಳ್ಕೊಂಡೆ. ನಿಮ್ಮನ್ನೂ ಕಳ್ಕೋಬೇಕಾ?" ಭಾವನ ಕಡೆ ತಿರುಗಿದಳು. "ಭಾವ, ಅವರದ್ದು ತಪ್ಪಿಲ್ಲ. ಇನ್ನೊಂದು ತಿಂಗಳು ಕೊಡಿ."

ಅಣ್ಣ ಗಡ್ಡ ಕೆರೆದುಕೊಂಡ. "ಆಗ್ಲಿ. ತಮ್ಮಾ, ಅಲ್ಲೀವರೆಗೆ ನೀನು ಕತ್ತರಿ ಹಿಡಿ. ತಿಂಗಳಾದ್ಮೇಲೆ ಮೊದ್ಲು ನನ್ನ ಗಡ್ಡ. ಸತ್ರೆ ಮನೆಯೋನ ಕೈಲೇ ಸಾಯೋಣ."

ಮರುದಿನ ಬೆಳಿಗ್ಗೆ ಅವಳು ತಣ್ಣನೆಯ ಮೊಸರಿಗೆ ಪುಡಿ ಕಲಸಿದಳು. ಕೈ ತಾನಾಗಿ ಒಲೆಯತ್ತ ಹೋಯಿತು. ಆ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಮೊದಲ ಚಮಚ ತಾನೇ ನುಂಗಿ, ಗೋಡೆ ನೋಡುತ್ತ ಸ್ವಲ್ಪ ಹೊತ್ತು ಕೂತಳು. ಏನೂ ಆಗಲಿಲ್ಲ. ಆಮೇಲೆ ಬಟ್ಟಲನ್ನು ಗಂಡನ ಕೈಗಿತ್ತಳು.

ತಿಂಗಳು ತುಂಬಿದಾಗ ಮರದ ಹೂ ಮುಗಿದು ಹುಲ್ಲಿನ ಹೂ ಶುರುವಾಗಿತ್ತು, ಧೂಳಿಗೇನೂ ಬರವಿರಲಿಲ್ಲ. ಅಣ್ಣ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ. ಬಿಸಿನೀರಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ಕೆನ್ನೆ ನುಣ್ಣಗಾಯಿತು. ಗಂಟಲ ಹತ್ತಿರ ಬಂದಾಗ ಕ್ಷೌರಿಕನ ಮೂಗು ಅರಳಿತು. ಅವನು ಕತ್ತಿಯನ್ನು ಮೇಲೆತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ತೋಳಿಗೆ ಮುಖವೊತ್ತಿ ಸೀನಿದ. ಒಂದೇ ಒಂದು. ಮುಂಚಿನ ಹಾಗೆ ಹೇಳದೆ ಕೇಳದೆ ಎರಗಿದ ಸೀನಲ್ಲ. ಬಾಗಿಲು ತಟ್ಟಿ ಬಂದದ್ದು. ಇನ್ನೊಂದಕ್ಕಾಗಿ ಮೂವರೂ ಕಾದರು. ಬರಲಿಲ್ಲ.

ಪುಡಿಯ ಗುಣವೋ, ಮೂಗಿನ ಔಷಧಿಯದೋ, ಎರಡರದ್ದೂ ಕೂಡಿಯೋ, ಅವಳಿಗೆ ತಿಳಿಯದು. ಕೇಳಿದ್ದರೆ ಡಾಕ್ಟರಮ್ಮನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಅಣ್ಣ ಕಣ್ಣು ತೆರೆಯಲೇ ಇಲ್ಲ. "ಯಾಕೋ ನಿಂತೆ? ಉಳಿದ ಅರ್ಧ ಗಡ್ಡ ಏನು ಸತ್ತುಹೋದ ಅಪ್ಪ ಎದ್ದು ಬಂದು ಕೆರೀತಾನಾ?"

ತಮ್ಮ ಕತ್ತಿಯನ್ನು ಒರೆಸಿಕೊಂಡು ಮತ್ತೆ ಬಾಗಿದ.