ವಾಕ್ಯದಲ್ಲಿಲ್ಲದ ಎತ್ತು

ನನ್ನ ಅಕ್ಕ ಲೂರ್ದಮ್ಮನ ಮನೆಯ ಮಣ್ಣಿನ ಎತ್ತಿಗೆ ಒಂದೇ ಕೊಂಬು. ಪ್ರತಿ ಡಿಸೆಂಬರಿನಲ್ಲೂ ಹಳೆಯ ಪಂಚೆಯ ತುಂಡಿನಿಂದ ಅದನ್ನು ಬಿಡಿಸಿ, ಧೂಳು ಒರೆಸಿ, ಮುರಿದ ಕೊಂಬು ಗೋಡೆಯ ಕಡೆಗೂ ಮುಖ ಬಾಲಯೇಸುವಿನ ಕಡೆಗೂ ಬರುವಂತೆ ಗೋದಲಿಯಲ್ಲಿ ನಿಲ್ಲಿಸುವುದು ನನ್ನ ಪಾಲಿನ ಕೈಂಕರ್ಯ. ಗೋದಲಿಯೆಂದರೆ ದನಕ್ಕೆ ಮೇವು ಹಾಕುವ ತೊಟ್ಟಿಯೆಂದು ನಿಮಗೆ ಗೊತ್ತಿದ್ದೇ ಇದೆ; ನಮ್ಮ ಕಥೋಲಿಕರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕಟ್ಟುವ ಆ ಇಡೀ ಕೊಟ್ಟಿಗೆಯ ದೃಶ್ಯಕ್ಕೂ ಅದೇ ಹೆಸರು. ಹುಣಸೂರಿನಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟರಾಗಿದ್ದವನಿಗೆ ಓರೆಕೋರೆಯಾದದ್ದು ಏನು ಕಂಡರೂ ಕೈ ಸುಮ್ಮನಿರುವುದಿಲ್ಲ. ಹೋಟೆಲಿನ ತಿಂಡಿಪಟ್ಟಿಯನ್ನೂ ಬಂಧುಗಳ ಲಗ್ನಪತ್ರಿಕೆಯನ್ನೂ ಪೆನ್ನು ತೆಗೆದು ತಿದ್ದಿ, ಎರಡೂ ಕಡೆ ಅಪ್ರಿಯನಾದ ಕೀರ್ತಿ ನನ್ನದು. ಎತ್ತಿನ ಮುಖವನ್ನು ಅಷ್ಟು ನಿಷ್ಠೆಯಿಂದ ತಿರುಗಿಸುವುದು ಭಕ್ತಿಯಿಂದಲೋ ಈ ಚಾಳಿಯಿಂದಲೋ ಎಂದು ಯಾರಾದರೂ ಕೇಳಿದರೆ ಉತ್ತರಿಸಲು ತುಸು ತಡವಾದೀತು.

ಎತ್ತನ್ನು ಮಾಡಿದವರು ಈಗಿಲ್ಲದ ನಮ್ಮ ಭಾವ ಚೌರಪ್ಪನವರು. ರಾವಂದೂರಿನ ಆಚೆಗಿನ ತಮ್ಮ ಹಳ್ಳಿಯ ಕೆರೆಯ ಜೇಡಿಮಣ್ಣು ತಂದು ಮಿದ್ದಿ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆಯ ಬಾಯಲ್ಲಿಟ್ಟು ಸುಟ್ಟಿದ್ದರು. ಬೆಂಕಿಯ ಕಡೆಗಿದ್ದ ಮಗ್ಗುಲು ಕಪ್ಪಾಗಿ, ಇನ್ನೊಂದು ಮಗ್ಗುಲು ಕೆಂಪಾಗಿ, ಬೇರೆಬೇರೆ ಎರಡು ಎತ್ತುಗಳನ್ನು ಸೇರಿಸಿ ಒಂದು ಮಾಡಿದಂತಿದೆ ಅದು. ಕೊಂಬು ಮುರಿದವನು ಅವರ ಮಗ ಜ್ಞಾನಪ್ರಕಾಶ. ನಾಲ್ಕು ವರ್ಷದ ಪೋರನಾಗಿದ್ದಾಗ ಎತ್ತಿಗೆ ದಾರ ಕಟ್ಟಿ ಅಂಗಳ ಉಳಲು ಹೊರಟು, ಹೊಸ್ತಿಲು ದಾಟಿಸುವಾಗ ಈ ಅನಾಹುತ ಮಾಡಿಕೊಂಡು, ಅಪ್ಪನಿಗಿಂತ ಮೊದಲು ತಾನೇ ಅತ್ತುಬಿಟ್ಟಿದ್ದ. ಗೋದಲಿಯ ಹಸಿರಿಗೆಂದು ತೆಂಗಿನ ಚಿಪ್ಪುಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸುವುದು ಅಕ್ಕನ ಕೆಲಸ. ಇವಿಷ್ಟೂ ನಮ್ಮ ಮನೆತನದ ಕ್ರಿಸ್ಮಸ್ ಸಂವಿಧಾನ.

ಆ ಜ್ಞಾನಪ್ರಕಾಶನೇ ಹೋದ ವರ್ಷ ಅವ್ವನಿಗೆ ಫೋನು ಮಾಡಿ, ಗೋದಲಿಯನ್ನು ಕಟ್ಟಕೂಡದು, ಕಟ್ಟಿದರೆ ಹಬ್ಬಕ್ಕೆ ತಾನು ಬರುವುದಿಲ್ಲ ಎಂದ. ಅವನು ಕೆ.ಆರ್. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷದಿಂದ ಅಲ್ಲಿನ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾನೆ. ಆ ಕೂಟದವರದು ಒಂದೇ ಪ್ರಶ್ನೆ: ವಾಕ್ಯದಲ್ಲಿ ಎಲ್ಲಿದೆ? ವಾಕ್ಯವೆಂದರೆ ಅವರ ಮಾತಿನಲ್ಲಿ ಧರ್ಮಗ್ರಂಥ. ಯೇಸು ಹುಟ್ಟಿದ ಪ್ರಸಂಗದಲ್ಲಿ ಎತ್ತು ಎಲ್ಲಿದೆ? ಕತ್ತೆ ಎಲ್ಲಿದೆ? ಡಿಸೆಂಬರ್ ಇಪ್ಪತ್ತೈದು ಎಲ್ಲಿದೆ? ಇಲ್ಲದ್ದನ್ನು ಪೂಜಿಸುವುದು ವಿಗ್ರಹಾರಾಧನೆಯಲ್ಲವೇ?

ನನಗೆ ನಖಶಿಖಾಂತ ಉರಿಯಿತು. ಅಲ್ಲ ಸ್ವಾಮಿ, ಎಪ್ಪತ್ತು ದಾಟಿದ ಹೆಂಗಸು, ಗಂಡ ಮಾಡಿಟ್ಟು ಹೋದ ಮಣ್ಣಿನ ಗೊಂಬೆಯನ್ನು ವರ್ಷಕ್ಕೊಮ್ಮೆ ಹೊರಗೆ ತೆಗೆದು ನೋಡಿದರೆ ಯಾವ ಸ್ವರ್ಗದ ಬಾಗಿಲಿಗೆ ಬೀಗ ಬೀಳುತ್ತದೆ? ಇವರ ಕೂಟದಲ್ಲಿ ಬಾರಿಸುವ ಕೀಬೋರ್ಡು ವಾಕ್ಯದಲ್ಲಿ ಎಲ್ಲಿದೆ? ಪಕ್ಕದ ಬೀದಿಯ ಹಸುಗೂಸೂ ಎಚ್ಚರವಾಗುವಂಥ ಸ್ಪೀಕರು ಯಾವ ಅಧ್ಯಾಯದಲ್ಲಿದೆ? ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ತ್ರಿಯೇಕ ದೇವರೆಂದು ಅವರೂ ನಂಬುತ್ತಾರೆ, ನಾನೂ ನಂಬುತ್ತೇನೆ. ತ್ರಿಯೇಕವೆಂಬ ಆ ಪದ ಇಡೀ ಗ್ರಂಥವನ್ನು ಜರಡಿ ಹಿಡಿದರೂ ಸಿಗುವುದಿಲ್ಲವಲ್ಲ! ಹಾಗಾದರೆ ಅವರಿಗೆ ಬೇಕಾದದ್ದು ಅರ್ಥದಿಂದ ಸಿದ್ಧವಾಗುತ್ತದೆ, ನಮ್ಮ ಅಕ್ಕನಿಗೆ ಬೇಕಾದದ್ದು ಮಾತ್ರ ಅಕ್ಷರದಲ್ಲೇ ಇರಬೇಕು. ಇದೆಲ್ಲಿಯ ನ್ಯಾಯ?

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ಸಿಟ್ಟೇ ಸುಳ್ಳಾಗುತ್ತದೆ. ಆ ಕೂಟಕ್ಕೆ ಹೋಗುವ ಮೊದಲು ಜ್ಞಾನಪ್ರಕಾಶ ಕುಡಿಯುತ್ತಿದ್ದ, ಚೆನ್ನಾಗಿಯೇ ಕುಡಿಯುತ್ತಿದ್ದ. ನಾನು ಹೇಳಿದ ಬುದ್ಧಿವಾದಗಳಿಗೆ ಲೆಕ್ಕವಿಲ್ಲ. ಅವು ಅವನ ಒಂದು ಲೋಟವನ್ನೂ ತಪ್ಪಿಸಲಿಲ್ಲ. ಅವರು ಬಿಡಿಸಿದರು. ಅದಕ್ಕಾಗಿ ಅವರಿಗೆ ಕೈಮುಗಿಯುತ್ತೇನೆ. ಆದರೆ ಮುಗಿದ ಕೈಯನ್ನು ಬಿಡಿಸಿದ ಮೇಲೆ ಮತ್ತೆ ಸಿಟ್ಟು ಬರುತ್ತದೆ: ಮಗನನ್ನು ಹೆಂಡದಂಗಡಿಯಿಂದ ಎಳೆದು ತಂದವರು ಅವ್ವನ ಮನೆಯವರೆಗೆ ಬಿಟ್ಟು ಹೋಗಬಾರದಿತ್ತೇ?

ಶಾಸ್ತ್ರಕ್ಕೆ ಶಾಸ್ತ್ರವೇ ಉತ್ತರವೆಂದು ನಾನೂ ಕನ್ನಡಕ ಏರಿಸಿದೆ. ನಾಲ್ಕು ದಿನ ಕೂತು ಹುಡುಕಿದರೆ ನನ್ನ ಕಡೆಯೇ ಬರಿದಾಗತೊಡಗಿತು. ಪೂರ್ವದಿಂದ ಬಂದ ಜ್ಞಾನಿಗಳು ಮೂವರೆಂದು ಎಲ್ಲಿಯೂ ಇಲ್ಲ, ಅವರು ರಾಜರೆಂದಿಲ್ಲ, ಒಂಟೆ ಹತ್ತಿ ಬಂದರೆಂದಿಲ್ಲ. ಅರವತ್ತು ವರ್ಷ ನಾನು ಕಣ್ಣಾರೆ ಕಂಡಷ್ಟು ಖಚಿತವಾಗಿ ನಂಬಿದ್ದ ಕೊಟ್ಟಿಗೆಯೇ ಸುವಾರ್ತೆಯಲ್ಲಿಲ್ಲ! ಇರುವುದು ಬರೀ ಗೋದಲಿ. ಇದನ್ನು ಜ್ಞಾನಪ್ರಕಾಶನಿಗೆ ಹೇಳಲು ನನಗೇನು ಹುಚ್ಚೇ? ಅಷ್ಟರಲ್ಲಿ ಯೇಸುವಿಗೂ ಮುಂಚಿನ ಹಳೆಯ ಒಡಂಬಡಿಕೆಯ ಪ್ರವಾದಿಯೊಬ್ಬನ ಮಾತಿನಲ್ಲಿ ಎತ್ತು ಸಿಕ್ಕಿಬಿಟ್ಟಿತು. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಎಂಬ ಅರ್ಥದ ಮಾತು. ಎತ್ತು, ಕತ್ತೆ, ಗೋದಲಿ ಮೂರೂ ಒಂದೇ ಕಡೆ! ಅಕ್ಕನ ಊರಿಗೆ ಹೋಗುವ ಬಸ್ಸಿನಲ್ಲಿ ಕೂತೇ ಅದನ್ನು ಫೋನಿನ ಮೇಲೆ ಬೆರಳಲ್ಲಿ ಕುಟ್ಟಿ, ಕೊನೆಗೆ ನನ್ನ ಸ್ವಂತ ವ್ಯಾಖ್ಯಾನವನ್ನೂ ಸೇರಿಸಿದೆ: ‘ಎತ್ತಿಗಿರುವಷ್ಟು ಬುದ್ಧಿ ನಿನಗಿಲ್ಲವಲ್ಲಯ್ಯಾ.’ ಕಂಪಲಾಪುರ ಬರುವಷ್ಟರಲ್ಲಿ ಜ್ಞಾನಪ್ರಕಾಶನಿಗೆ ಸಂದೇಶ ಹೋಯಿತು. ವಾಕ್ಯರಚನೆ ನಿರ್ದುಷ್ಟವಾಗಿತ್ತೆಂದು ನನಗೆ ಹೆಮ್ಮೆಯೂ ಆಯಿತು.

ಪಿರಿಯಾಪಟ್ಟಣದಲ್ಲಿ ಇಳಿಯುವ ಹೊತ್ತಿಗೆ ಉತ್ತರ ಬಂತು. ‘ಅದು ಇಸ್ರಾಯೇಲ್ ಜನರನ್ನ ಬೈದಿರೋದು ಮಾವ, ಯೇಸು ಹುಟ್ಟಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀವು ನನ್ನ ಬೈಯೋಕೆ ವಾಕ್ಯ ಹುಡುಕಿದ್ರಿ. ನಾನು ಬರಲ್ಲ. ಮಗಳನ್ನೂ ಕಳಿಸಲ್ಲ.’

ಅಕ್ಕ ಜಗಲಿಯಲ್ಲಿ ಕೂತು ಚಿಪ್ಪುಗಳಿಗೆ ಮಣ್ಣು ತುಂಬುತ್ತಿದ್ದಳು. ನಾನು ನಡೆದದ್ದನ್ನೆಲ್ಲ, ನನ್ನ ಪರವಾಗಿ ಸ್ವಲ್ಪ ಬಣ್ಣ ಹಚ್ಚಿ, ಹೇಳಿದೆ. ಪ್ರವಾದಿಯ ಮಾತನ್ನು ಗಂಟಲು ಸರಿಮಾಡಿಕೊಂಡು ವಿವರಿಸಿದೆ. ಅವಳು ತಲೆಯೆತ್ತದೆ ಕೇಳಿದಳು.

“ಅದ್ಯಾಕೋ ಅಷ್ಟೊಂದು ಹುಡುಕಕ್ಕೋದೆ? ಮಗೀನ ಗೋದ್ಲೀಲಿ ಮಲಗಿಸಿದ್ರು ಅಂತ ಬರ್ದವ್ರೋ ಇಲ್ವೋ?”

ಬರೆದಿದ್ದಾರೆ ಎಂದೆ.

“ದನ ಇಲ್ದಿದ್ ಮನೇಲಿ ಗೋದ್ಲಿ ಯಾಕ್ಲಾ ಕಟ್ಟಾರು?”

ನಾಲ್ಕು ದಿನದ ನನ್ನ ಪಾಂಡಿತ್ಯವನ್ನು, ಬೆಳಗಾದರೆ ಸಗಣಿ ಬಾಚುವ ಹೆಂಗಸು ಕೈಯ ಮಣ್ಣನ್ನೂ ಒರೆಸಿಕೊಳ್ಳದೆ ಮುಗಿಸಿಬಿಟ್ಟಿದ್ದಳು. ಖುಷಿಯಿಂದ, ಈಗಲೇ ಇದನ್ನು ಅವನಿಗೆ ಕಳಿಸುತ್ತೇನೆಂದು ಜೇಬಿಗೆ ಕೈ ಹಾಕಿದೆ. ಆಗ ಅವಳು ತಲೆಯೆತ್ತಿದಳು. ನನ್ನ ಅಕ್ಕನ ಕಣ್ಣಲ್ಲಿ ಅಷ್ಟು ಸಿಟ್ಟನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಇಡು ಆ ಫೋನ! ನಿಂಗೆ ಗೆಲ್ಬೇಕಾಗಿತ್ತು ಕಣೋ. ನಂಗೆ ಮಗ ಬರ್ಬೇಕಾಗಿತ್ತು.”

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಾನೇ ಮಗನಿಗೆ ಫೋನು ಮಾಡಿದಳು. ಎತ್ತಿನ ಮಾತೇ ಎತ್ತಲಿಲ್ಲ. ಗೋದಲಿ ಕಟ್ಟುವುದಿಲ್ಲವೆಂದೂ ಹೇಳಲಿಲ್ಲ. “ಇಪ್ಪತ್ತೈದ್ನೇ ತಾರೀಕು ವಾಕ್ಯದಲ್ಲಿಲ್ಲ ಅಂತೀಯಲ್ಲ, ಇಪ್ಪತ್ತಾರೂ ಇಲ್ಲ ಕಣ್ಲಾ. ಅವತ್ತು ಹಬ್ಬಾನೂ ಅಲ್ಲ, ಏನೂ ಅಲ್ಲ. ಕೂಸ್ನ ಕರ್ಕೊಂಡು ಬಂದು ಉಂಡೋಗು. ಅವ್ವನ ಮನೇಲಿ ಉಣ್ಬಾರ್ದು ಅಂತ ಎಲ್ಲೂ ಬರ್ದಿಲ್ವಲ್ಲ?” ಆ ಕಡೆಯಿಂದ ಅವನು ಏನೋ ಹೇಳಿದ. ಇವಳು ‘ಊಂ’ ಎಂದಳು.

ಇಪ್ಪತ್ತಾರಕ್ಕೆ ಅವನು ಹೆಂಡತಿ ಮಗಳೊಂದಿಗೆ ಬಂದ. ನನ್ನನ್ನು ಕಂಡು ‘ಚೆನ್ನಾಗಿದ್ದೀರಾ ಮಾವ’ ಎಂದ ದನಿಯಲ್ಲಿ ನಾನು ಚೆನ್ನಾಗಿರಬೇಕೆಂಬ ಆಸೆಯೇನೂ ಕಾಣಲಿಲ್ಲ. ನಾನು ತಪ್ಪಾಯಿತು ಎನ್ನಬೇಕೆಂದು ಬಸ್ಸಿನುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಸುಂದರ ಸಮಾಸಗಳೆಲ್ಲ ಉದುರಿಹೋಗಿ, ‘ಬೈಬಾರದಿತ್ತು’ ಎಂದಷ್ಟೇ ಹೇಳಿದೆ. ಅವನು ಗೋದಲಿಗೆ ಬೆನ್ನು ಮಾಡಿ ಕೂತ. ಮುದ್ದೆ, ನಾಟಿಕೋಳಿ ಸಾರು, ಹಬ್ಬದ ಹೆಸರೆತ್ತದೆ ಬಡಿಸಿದ ಹಬ್ಬದ ಕಜ್ಜಾಯ. ಊಟಕ್ಕೆ ಮುಂಚೆ ಅವನು ಕಣ್ಣುಮುಚ್ಚಿ ಪ್ರಾರ್ಥಿಸಿದ. ತುಂಬ ಉದ್ದ ಪ್ರಾರ್ಥಿಸಿದ. ಅದರಲ್ಲಿ ಅವ್ವನ ಮಂಡಿನೋವೂ ಬಂತು. ಅಕ್ಕ ತನ್ನ ಪಾಡಿಗೆ ಶಿಲುಬೆಯ ಗುರುತು ಹಾಕಿಕೊಂಡಳು. ಯಾರೂ ಯಾರನ್ನೂ ಯಾವ ಅಧ್ಯಾಯವೆಂದು ಕೇಳಲಿಲ್ಲ.

ಹೊರಡುವ ಹೊತ್ತಿಗೆ ಅವನ ಮಗಳು ರಾಗಿಯ ಪೈರು ಕೀಳಲು ಹೋಗಿ ಎತ್ತನ್ನು ಉರುಳಿಸಿದಳು. ಸದ್ದಿಗೆ ಅವನೇ ಮೊದಲು ಎದ್ದ. ಎತ್ತನ್ನು ಎತ್ತಿಕೊಂಡು, ಇದ್ದ ಒಂದು ಕೊಂಬು ಉಳಿದಿದೆಯೇ ಎಂದು ನೋಡಿ, ಇಲ್ಲದ ಕೊಂಬಿನ ಜಾಗವನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿದ. ಆಮೇಲೆ ಅವಸರವಾಗಿ, ಯಾರೂ ನೋಡಲಿಲ್ಲವೆಂಬಂತೆ, ಅದನ್ನು ಗೋದಲಿಯಲ್ಲಿ ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡ.

ನಿಲ್ಲಿಸಿದ್ದು ತಪ್ಪಾಗಿತ್ತು. ಎತ್ತಿನ ಬಾಲ ಬಾಲಯೇಸುವಿನ ಕಡೆಗಿತ್ತು, ಮುಖ ಬೀದಿಬಾಗಿಲಿಗೆ. ಮುರಿದ ಕೊಂಬು ಒಳಗೆ ಬರುವವರಿಗೆಲ್ಲ ಎದ್ದು ಕಾಣುತ್ತಿತ್ತು. ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಈ ಡಿಸೆಂಬರಿನಲ್ಲಿ ಎತ್ತನ್ನು ಪಂಚೆಯ ತುಂಡಿನಿಂದ ಬಿಡಿಸಿದವನೂ ನಾನೇ; ಧೂಳು ಒರೆಸಿ, ಅದರ ಮುಖವನ್ನು ಬಾಗಿಲ ಕಡೆಗೇ ಇಟ್ಟೆ.