ಮರದ ಬುಡಕ್ಕೆ ಉಪ್ಪು

ಹಟ್ಟಿಕೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಬಾವಿಯ ಆಚೆ, ಯಾರೂ ನೆಡದ ಒಂದು ಮರ ಬೆಳೆದಿತ್ತು. ಮಳೆಗಾಲದಲ್ಲಿ ಉಬ್ಬರ ಜೋರಾದರೆ ಹಳ್ಳದ ಉಪ್ಪುನೀರು ಅಲ್ಲಿಯವರೆಗೂ ಏರಿ ಬಂದು, ಇಳಿಯುವಾಗ ಕಸಕಡ್ಡಿ, ಪ್ಲಾಸ್ಟಿಕ್ ಬಾಟಲಿ, ಒಂಟಿ ಚಪ್ಪಲಿಗಳನ್ನು ಬಿಟ್ಟು ಹೋಗುತ್ತದೆ. ಈ ಮರದ ಬೀಜವನ್ನೂ ಹಾಗೇ ಬಿಟ್ಟು ಹೋಗಿರಬೇಕು. ನಾನು ಘಟ್ಟದ ಬುಡದಿಂದ ಸೊಸೆಯಾಗಿ ಬಂದವಳು, ಹಳ್ಳದ ಬದಿಯ ಗಿಡಮರ ನನಗೆ ತಿಳಿಯದು. ನನ್ನ ಗಂಡ ಬೇಸಾಯದವರು. ಭತ್ತವೊಂದನ್ನು ಬಿಟ್ಟರೆ ಉಳಿದ ಹಸಿರೆಲ್ಲ ಅವರಿಗೆ ಕಳೆಯೇ.

ಕಾರವಾರದ ಕಚೇರಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಸಂಜೆ ಬಂದರೆ, ಅಂಗಳಕ್ಕೆ ಕಾಲಿಡುವ ಮೊದಲೇ ಅದರ ಹೂವಿನ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಬಿಳಿಯ ಐದೆಸಳು, ನಡುವೆ ಹಳದಿ ಚುಕ್ಕಿ. ನಾನು ಆ ಮರಕ್ಕೆ ಸೋತುಹೋಗಿದ್ದೆ, ಹೆಸರು ತಿಳಿಯದೆ ಇರಲಾಗಲಿಲ್ಲ. ಬಂದವರಿಗೆಲ್ಲ ತೋರಿಸಿದೆ. ಒಬ್ಬರು ಕಾಡುಸಂಪಿಗೆ ಅಂದರು, ಇನ್ನೊಬ್ಬರು ದೇವಕಣಗಿಲೆಯ ಜಾತಿ ಅಂದರು. ಕಾಯಿ ಬಿಟ್ಟ ಮೇಲೆ ಪಕ್ಕದ ಮನೆಯವರು ಕಾಡುಮಾವು ಎಂದು ತೀರ್ಪು ಕೊಟ್ಟರು. ಕಾಯಿ ಥೇಟ್ ಮಾವಿನದೇ, ಸುಳ್ಳಲ್ಲ. ಆದರೆ ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತಿತ್ತು; ಯಾವ ಮಾವಿನ ಎಲೆಯಲ್ಲಿ ಹಾಲಿದೆ ಎಂದು ಜಗಳಕ್ಕೇ ನಿಂತೆ. ಮೊಬೈಲಿನ ಆ್ಯಪ್ ಬೆಳಿಗ್ಗೆ ಒಂದು ಹೆಸರು ಹೇಳಿ ಸಂಜೆ ಮಾತು ಬದಲಿಸಿತು. ಅತ್ತೆಯದು ಮಾತ್ರ ಯಾವಾಗಲೂ ಒಂದೇ ಉತ್ತರ.

"ನಂಗೆಂತ ಗೊತ್ತು? ಕಡಿಸಿಬಿಡು. ಬಾವಿಗೆ ಎಲೆ ಬೀಳ್ತದೆ."

ಅತ್ತೆಯ ತವರು ಚಿತ್ತಾಕುಲ, ಕಾಳಿ ಹೊಳೆ ಸಮುದ್ರ ಸೇರುವಲ್ಲಿ. ಅಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರಬೇಕಲ್ಲ ಎಂದು ಒಮ್ಮೆ ಅನಿಸಿತ್ತು. ಕಡಿಸು ಅಂದದ್ದಕ್ಕೆ ಬಂದ ಸಿಟ್ಟಿನಲ್ಲಿ ಅದೂ ಮರೆತುಹೋಯಿತು.

ಒಂದು ದಿನ ನೋಡುತ್ತೇನೆ, ಮರದ ಬುಡದ ತುಂಬ ಕಲ್ಲುಪ್ಪು. ಕೆಲವು ದಿನ ಬಿಟ್ಟು ಅದೇ ಬುಡದಿಂದ ಹಬೆ ಏಳುತ್ತಿತ್ತು, ಯಾರೋ ಕುದಿಯುವ ನೀರು ಹೊಯ್ದಿದ್ದರು. ನನ್ನ ಮೈ ಉರಿದುಹೋಯಿತು. ಪಕ್ಕದ ಮನೆಯವರದೇ ಕೆಲಸ ಎಂದುಕೊಂಡು, ಬೇಲಿಯ ಹತ್ತಿರ ನಿಂತು ಅವರಿಗೆ ಕೇಳಲೆಂದೇ ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಉಪ್ಪುನೀರಿನಲ್ಲೇ ಹುಟ್ಟಿದ ಮರ, ಇಷ್ಟಕ್ಕೆಲ್ಲ ಜಗ್ಗಲಿಲ್ಲ.

ಬೆಳಿಗ್ಗೆ ನಾವು ಏಳುವುದರೊಳಗೆ ಅತ್ತೆ ಉದುರಿದ ಕಾಯಿಗಳನ್ನೆಲ್ಲ ಹೆಕ್ಕಿ ಎಲ್ಲೋ ಹುಗಿದು ಬರುತ್ತಿದ್ದರು. ಹಿತ್ತಲಿನ ಚೊಕ್ಕತನಕ್ಕೆ ಇಷ್ಟು ಒದ್ದಾಟವೇ ಎಂದು ನಾನು ನಗುತ್ತಿದ್ದೆ. ನನಗೆ ನಿಜಕ್ಕೂ ಬೇಸರವಾಗುತ್ತಿದ್ದುದು ಬೇರೆ ವಿಷಯಕ್ಕೆ. ಇನ್ನೂ ಶಾಲೆಗೆ ಸೇರದ ನನ್ನ ಮಗಳು ಅಡುಗೆ ಆಟ ಹೂಡಿ "ಅಜ್ಜಿ, ಊಟಕ್ಕೆ ಬಾ" ಎಂದು ಕರೆದರೆ ಸಾಕು, ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಒಬ್ಬಳೇ ಮೊಮ್ಮಗಳು, ಅವಳೆದುರು ಒಂದು ಗಳಿಗೆ ಕೂರಲಾಗದೇ ಎಂದು ಗಂಡನ ಹತ್ತಿರ ದೂರಿದ್ದೆ.

ಆ ಭಾನುವಾರ ಗಾಳಿಮಳೆ ಆಗಷ್ಟೇ ನಿಂತಿತ್ತು. ಅತ್ತೆ ಬಚ್ಚಲಲ್ಲಿದ್ದರು. ಮಗಳು ಬಾವಿಕಟ್ಟೆಯ ಬಳಿ ಹಲಸಿನ ಎಲೆ ಹಾಸಿ ನನ್ನನ್ನು ಕೂರಿಸಿದಳು. ಮರಳಿನ ಅನ್ನ, ಕೆಸರಿನ ಸಾರು, ಎಲೆಯ ತುದಿಗೆ ಕಲ್ಲಿನಲ್ಲಿ ಜಜ್ಜಿದ ಹಸಿರು ಕಾಯಿ.

"ಅಮ್ಮಾ, ಉಪ್ಪಿನಕಾಯಿ. ಚೂರಾದ್ರೂ ತಿನ್ನು."

ಮಕ್ಕಳು ಬಡಿಸಿದ್ದನ್ನು ತುಟಿಗೆ ಮುಟ್ಟಿಸಿ ಆಹಾ ಅನ್ನುವುದು ಎಲ್ಲ ತಾಯಂದಿರೂ ಮಾಡುವುದೇ. ನಾನೂ ಎತ್ತಿದೆ. ಕೈ ಬಾಯಿಗೆ ಬರುವಷ್ಟರಲ್ಲಿ ರಪ್ಪನೆ ಏಟು ಬಿತ್ತು. ಒದ್ದೆ ತಲೆ, ಅರೆಬರೆ ಸುತ್ತಿದ ಸೀರೆ, ಅತ್ತೆ. ಈವರೆಗೆ ನನ್ನ ಹತ್ತಿರ ದನಿ ಏರಿಸಿಯೂ ಮಾತಾಡದವರು. ಅವರು ಎಲೆಯನ್ನು ಒದ್ದು, ಮಗಳನ್ನು ಹಿಡಿದು ಬಾಯಿಗೆ ಬೆರಳು ಹಾಕಿದರು.

"ತಿಂದ್ಯೇನೆ? ಹೇಳು, ತಿಂದ್ಯಾ?"

ಮಗಳು ಬಿಕ್ಕುತ್ತಾ ಅಂದಳು, "ಇಲ್ಲ ಅಜ್ಜಿ. ನಾನು ಬಡಿಸೂದಲ್ವಾ? ಅಮ್ಮ ಉಂಡ ಮೇಲೆ ನಂದು."

ಅತ್ತೆ ಕುಸಿದು ಕೂತರು. "ಹೊಂಡೆಕಾಯಿ ಅದು. ವಿಷ. ಎದೆಯೇ ನಿಂತುಹೋಗ್ತದೆ."

ಬಾಯಿ ತೊಳೆದದ್ದು, ಗಂಡನ ಬೈಕಿನ ಹಿಂದೆ ಮಗಳನ್ನು ಅವುಚಿಕೊಂಡು ಅಂಕೋಲೆಯ ಆಸ್ಪತ್ರೆಗೆ ಓಡಿದ್ದು, ಒಂದೂ ಸರಿಯಾಗಿ ನೆನಪಿಲ್ಲ. ಕಾಯಿಯ ಹೆಸರು ಕೇಳಿದ್ದೇ ಡಾಕ್ಟರು ಇಬ್ಬರ ಎದೆಗೂ ವೈರು ಅಂಟಿಸಿ ಸಂಜೆಯವರೆಗೆ ಮಲಗಿಸಿದರು. ಏನೂ ಆಗಿರಲಿಲ್ಲ. ಮೇಲೆ ತಿರುಗುವ ಫ್ಯಾನು ನೋಡುತ್ತಾ ನಾನು ದಿನವೂ ಆ ಹೂವನ್ನು ದೇವರಿಗೆ ಏರಿಸಿದ್ದನ್ನು ನೆನೆದೆ.

ಮನೆಗೆ ಬಂದಾಗ ಅತ್ತೆ ಅದೇ ಬಾವಿಕಟ್ಟೆಯ ಮೇಲೆ ಕೂತಿದ್ದರು. ಮೊಮ್ಮಗಳ ಮೈಯೆಲ್ಲ ಸವರಿ ನೋಡಿದರು. ಗಂಡ ಕೊಡಲಿ ತಂದರು. ನನಗೆ ತಡೆಯಲಾಗಲಿಲ್ಲ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅತ್ತೆ? ಉಪ್ಪು ಹಾಕಿದ್ದೂ ನೀವೇನಾ?"

"ನಾನೇ. ಬಿಸಿನೀರು ಹೊಯ್ದದ್ದೂ ನಾನೇ. ಮರದ ಹೆಸರು ಹೇಳಿದ್ರೆ ಅವಳ ಹೆಸರೂ ಹೇಳ್ಬೇಕಾಗ್ತಿತ್ತು."

"ಯಾರದ್ದು?"

"ನನ್ನ ತಂಗಿದು."

ಗಂಡ ಎತ್ತಿದ ಕೊಡಲಿಯನ್ನು ಹಾಗೇ ಇಳಿಸಿದರು. ಅವರಿಗೆ ಗೊತ್ತಿದ್ದದ್ದು ಸೋದರಮಾವಂದಿರು ಮಾತ್ರ. ತಾಯಿಗೆ ತಂಗಿಯೊಬ್ಬಳಿದ್ದಳೆಂದು ಅವರು ಕೇಳಿದ್ದು ಇದೇ ಮೊದಲು.

"ಇವಳಷ್ಟೇ ಇದ್ದಳು," ಅತ್ತೆ ನನ್ನ ಮಗಳ ತಲೆಯ ಮೇಲೆ ಕೈಯಿಟ್ಟರು. "ಹೊಳೆ ಬದಿಗೆ ಆಡ್ತಾ ಇದ್ದೆವು. ಜ್ವರ ಬಂದು ಹೋದಳು ಹೇಳಿ ಊರಿಗೆಲ್ಲ ಹೇಳಿದ್ರು. ಅಪ್ಪ ಮರ ಕಡಿಸಿದ. ಮತ್ತೆ ಅವಳ ಹೆಸರು ಮನೇಲಿ ಯಾರೂ ಎತ್ತಲಿಲ್ಲ."

"ನೀವು ತಿಂದಿರಲಿಲ್ವಾ?" ಅಂದೆ, ಕೇಳಬಾರದಿತ್ತು.

"ಇಲ್ಲ. ಬಡಿಸ್ತಿದ್ದದ್ದು ನಾನು. ಅವಳು ಉಂಡ ಮೇಲೆ ನಂದು ಹೇಳಿ ಕಾಯ್ತಾ ಕೂತಿದ್ದೆ."